ತಿಮ್ಮರಾಯಪ್ಪನವರ ದನಿ ಇದ್ದ ಖಾನೆ

ಹೇಳಿದ್ದನ್ನು ಹೇಳಿದಂತೆ ಮಾಡುವವರನ್ನು ಲೋಕ ಬಹಳ ಹೊಗಳುತ್ತದೆ. ಹಾಗೆ ಹೊಗಳುವವರು ಜೆ.ಪಿ. ನಗರದ ಆ ಕಂಪನಿಯ ಮೂರನೇ ಮಹಡಿಗೆ ಹೋಗಿ, ಅಲ್ಲಿದ್ದ ಪೆಟ್ಟಿಗೆಯನ್ನು ಒಮ್ಮೆ ನೋಡಬೇಕಿತ್ತು. ಪೆಟ್ಟಿಗೆ ಎಂದರೆ ಎರಡು ಕಬ್ಬಿಣದ ಬೀರುಗಳನ್ನು ಜೋಡಿಸಿ ನಿಲ್ಲಿಸಿದಷ್ಟು ದೊಡ್ಡದು. ಒಳಗೆ ಇನ್ನೂರಕ್ಕೂ ಹೆಚ್ಚು ಡಿಸ್ಕುಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಆಸ್ಪತ್ರೆಗಳ ಎಕ್ಸ್‌ರೇ ಚಿತ್ರಗಳು, ವಿಮಾ ಕಚೇರಿಗಳ ಕಾಗದಪತ್ರಗಳು ಎಲ್ಲ ಅದರ ಹೊಟ್ಟೆಯಲ್ಲಿದ್ದವು. ಅದಕ್ಕೆಂದೇ ಒಂದು ತಣ್ಣನೆಯ ಕೋಣೆ, ಕೋಣೆಗೊಂದು ಬೀಗ, ಬೀಗಕ್ಕೊಬ್ಬ ಕಾವಲುಗಾರ.

ಪೆಟ್ಟಿಗೆಯನ್ನು ಮಾತಾಡಿಸಲು ಎರಡು ದಾರಿ ಇದ್ದವು. ಪರದೆಯ ಮುಂದೆ ಕೂತು ಮೌಸ್ ಒತ್ತಿ ಹೇಳಬಹುದು. ಹಾಗೆ ಹೇಳಿದರೆ, ಒಂದು ಖಾನೆಯನ್ನು, ಎಂದರೆ ಒಬ್ಬೊಬ್ಬರಿಗೆ ಹಂಚಿಕೊಟ್ಟ ಜಾಗವನ್ನು, ಅಳಿಸುವ ಮುಂಚೆ ಅದು ‘ನಿಜವಾಗಿಯೂ ಅಳಿಸಲೇ?’ ಎಂದು ಎರಡು ಸಲ ಕೇಳುತ್ತಿತ್ತು. ಇನ್ನೊಂದು ದಾರಿ ಎಕ್ಸ್‌ಎಂಎಲ್. ಅದು ಚೀಟಿ ಬರೆದು ಕಳಿಸಿದ ಹಾಗೆ. ಆಜ್ಞೆ ಶುರುವಾಯಿತು ಎಂದು ಒಂದು ಗುರುತು, ಏನು ಮಾಡಬೇಕು, ಯಾವ ಖಾನೆಗೆ ಮಾಡಬೇಕು, ಆಜ್ಞೆ ಮುಗಿಯಿತು ಎಂದು ಇನ್ನೊಂದು ಗುರುತು. ತೆರೆದ ಗುರುತನ್ನು ಮುಚ್ಚದಿದ್ದರೆ ಪೆಟ್ಟಿಗೆ ಚೀಟಿಯನ್ನು ಮುಟ್ಟುವುದಿಲ್ಲ. ಸರಿಯಾಗಿ ಮುಚ್ಚಿದ್ದರೆ ಮಾತ್ರ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅದು. ಮರುಪ್ರಶ್ನೆ ಇಲ್ಲ. ಕೆಲಸ ಮುಗಿಸಿ, ಅದೇ ಬಗೆಯ ಚೀಟಿಯಲ್ಲಿ ‘ಆಯಿತು’ ಎಂದು ಉತ್ತರ ಕಳಿಸುತ್ತಿತ್ತು.

ಈ ಚೀಟಿಗಳನ್ನು ಬರೆಯುವುದರಲ್ಲಿ ಸಂಗಮೇಶನಿಗೆ ಸಮ ಇರಲಿಲ್ಲ. ಮುಧೋಳದ ಕಡೆಯವನು, ಇಪ್ಪತ್ತೇಳು ವರ್ಷ, ಮಾತು ಕಡಿಮೆ, ಬೆರಳು ಚುರುಕು. ಕಂಪನಿಯ ಎಂಜಿನಿಯರುಗಳು ಪರೀಕ್ಷೆಗೆಂದು ಪೆಟ್ಟಿಗೆಯಲ್ಲಿ ಖಾನೆಗಳನ್ನು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಮರೆತುಬಿಡುತ್ತಿದ್ದರು. ಉಂಡ ಎಲೆಯನ್ನು ಯಾರೂ ಎತ್ತುತ್ತಿರಲಿಲ್ಲ. ಜಾಗ ತುಂಬಿ ಮೇಲಿನವರು ಕೂಗಾಡಿದಾಗ, ವಿಭಾಗದ ಹಿರಿಯ ಶಾಮಣ್ಣನವರು ಆ ಕೆಲಸವನ್ನು ಸಂಗಮೇಶನಿಗೆ ವಹಿಸಿದರು. ಅವನು ಒಂದು ವಾರ ಕೂತು ತಾನಾಗಿ ಓಡುವ ಒಂದು ಸ್ಕ್ರಿಪ್ಟ್ ಬರೆದ. ಚೀಟಿ ಬರೆಯುವ ಕೆಲಸವೂ ಅವನಿಗೆ ತಪ್ಪಿತು. ಸ್ಕ್ರಿಪ್ಟೇ ಚೀಟಿ ಬರೆದು, ಕಳಿಸಿ, ಉತ್ತರ ಓದಿ, ದಾಖಲೆಯಲ್ಲಿ ಬರೆದಿಡುತ್ತಿತ್ತು.

ನಿಯಮ ಸರಳವಾಗಿತ್ತು. ಪ್ರತಿಯೊಬ್ಬನ ಮೇಜಿನ ಕಂಪ್ಯೂಟರೂ ದಿನಕ್ಕೊಮ್ಮೆ ತನ್ನ ಪರೀಕ್ಷೆಯ ಖಾನೆಗೆ ಹಾಜರಿ ಹಾಕಬೇಕು. ಮೂರು ದಿನ ಹಾಜರಿ ಬೀಳದ ಖಾನೆಗೆ ವಾರಸುದಾರರಿಲ್ಲ ಎಂದು ತಿಳಿದು, ನಾಲ್ಕನೆಯ ಬೆಳಿಗ್ಗೆ ಆರಕ್ಕೆ ಅಳಿಸಬೇಕು. ಶನಿವಾರ ಭಾನುವಾರವೂ ಮೇಜಿನ ಕಂಪ್ಯೂಟರುಗಳನ್ನು ಯಾರೂ ಆರಿಸುತ್ತಿರಲಿಲ್ಲವಾದ್ದರಿಂದ ರಜೆಯ ತಾಪತ್ರಯವೂ ಇಲ್ಲ. ಶಾಮಣ್ಣನವರು ಓದಿ ನೋಡಿ, ಸಖತ್ತಾಗಿದೆ ಎಂದು ಬೆನ್ನು ತಟ್ಟಿದರು. ಹೊಗಳಿಸಿಕೊಂಡವನಿಗೆ ತನ್ನ ತಪ್ಪು ಕಾಣುವುದು ಕಷ್ಟ.

ಸಂಗಮೇಶ ಬಾಡಿಗೆಗಿದ್ದದ್ದು ಜರಗನಹಳ್ಳಿಯಲ್ಲಿ, ತಿಮ್ಮರಾಯಪ್ಪನವರ ಮನೆಯ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ. ತಿಮ್ಮರಾಯಪ್ಪನವರು ಒಂದು ಕಾಲಕ್ಕೆ ರಾಗಿ, ಅವರೆ ಬೆಳೆದವರು. ಹೊಲಗಳ ಮೇಲೆ ಬಡಾವಣೆ ಬಂದ ಮೇಲೆ ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ನೆಲ ಹೋದರೂ ಗಂಟಲು ಮಾತ್ರ ಹೊಲದ್ದೇ ಆಗಿತ್ತು. ಕನಕಪುರ ರಸ್ತೆಯಲ್ಲಿ ಬಸ್ಸಿಳಿದು ಒಂದು ಕೂಗು ಹಾಕಿದರೆ ಸಾಕು, ಮನೆಯಲ್ಲಿ ಅವರ ಹೆಂಡತಿ ಮುನಿವೆಂಕಟಮ್ಮ ಮುದ್ದೆಗೆ ಎಸರಿಡುತ್ತಿದ್ದರಂತೆ. ಈ ಮಾತನ್ನು ಆಕೆಯೇ ನಗುತ್ತಾ ಸಂಗಮೇಶನಿಗೆ ಹತ್ತು ಸಲ ಹೇಳಿದ್ದರು.

ಆ ಗಂಟಲು ಆ ಬೇಸಿಗೆಯಲ್ಲಿ ಒಡೆಯತೊಡಗಿತು. ನೆಗಡಿ ಎಂದರು, ಧೂಳು ಎಂದರು, ಕಷಾಯ ಕುಡಿದರು. ಶ್ರಾವಣದಲ್ಲಿ ದೊಡ್ಡಾಸ್ಪತ್ರೆಯ ಡಾಕ್ಟರು ಗಡ್ಡೆ ಎಂದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ತಿಮ್ಮರಾಯಪ್ಪನವರು ಅದನ್ನು ಕೇಳಿ ಜೀವದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗಳು ಮಧುಶ್ರೀಗೆ ಆಗ ಏಳು ತಿಂಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗುವಿನ ಕಿವಿಯಲ್ಲಿ ಹೆಸರು ಕರೆಯೋರು ಯಾರು ಎಂದಷ್ಟೇ ಹೆಂಡತಿಯನ್ನು ಕೇಳಿದರು.

ಆ ಮನೆತನದ ವಾಡಿಕೆ ಹಾಗಿತ್ತು. ಚೊಚ್ಚಲ ಮಗುವಿಗೆ ತವರಿನ ಹಿರಿಯನೇ ಮೊದಲು ಕಿವಿಯಲ್ಲಿ ಮೂರು ಸಲ ಹೆಸರು ಕರೆಯಬೇಕು. ಸೋದರತ್ತೆ, ತೊಟ್ಟಿಲು ತೂಗುವವರು ಎಲ್ಲ ಆಮೇಲೆ. ಪತ್ರಗಳಲ್ಲಿ ಯಾವ ಹೊಸ ಹೆಸರಾದರೂ ಇಟ್ಟುಕೊಳ್ಳಲಿ, ಕಿವಿಯ ಹೆಸರು ಮಾತ್ರ ಮನೆಯ ಹಿರಿಯರದು. ಗಂಡಾದರೆ ತಿಮ್ಮರಾಯಪ್ಪನವರ ತಂದೆ ಹನುಮಯ್ಯನ ಹೆಸರು, ಹೆಣ್ಣಾದರೆ ತಾಯಿ ಅಣ್ಣಮ್ಮನ ಹೆಸರು. ಮಧುಶ್ರೀಗೂ ಅವಳ ತಾತ ಹಾಗೆಯೇ ಕರೆದಿದ್ದರು.

ದನಿಯನ್ನು ಹಿಡಿದಿಡೋಣ ಎಂಬ ಯೋಚನೆ ಸಂಗಮೇಶನದು. ಅವನ ತಂದೆ ತೀರಿಕೊಂಡಾಗ ಅವನಿನ್ನೂ ಪಿಯುಸಿ ಓದುತ್ತಿದ್ದ. ತಂದೆಯ ಮುಖ ನೆನಪಿತ್ತು, ಅಂಗಿಯ ಜೇಬಿನಲ್ಲಿರುತ್ತಿದ್ದ ತಂಬಾಕಿನ ವಾಸನೆ ನೆನಪಿತ್ತು, ದನಿ ಮಾತ್ರ ಮರೆತುಹೋಗಿತ್ತು. ಎಷ್ಟು ಹುಡುಕಿದರೂ ಅದು ಸಿಕ್ಕುತ್ತಿರಲಿಲ್ಲ. ಆ ಸಂಕಟವನ್ನು ಅವನು ಯಾರಿಗೂ ಹೇಳಿದವನಲ್ಲ. ತಿಮ್ಮರಾಯಪ್ಪನವರ ಮನೆಯಲ್ಲಿ ಇನ್ನೊಬ್ಬರಿಗೆ ಅದು ಬರಬಾರದು ಎಂದುಕೊಂಡ. ಆ ಒಳ್ಳೆಯತನ ನಿಜ, ಅದರಲ್ಲಿ ಸುಳ್ಳಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಮನೆಯ ಹಳೆಯ ಟೇಪ್ ರೆಕಾರ್ಡರ್ ಇಟ್ಟು, ಹೊಸ ಕ್ಯಾಸೆಟ್ ಹಾಕಿ, ಸಂಗಮೇಶ ಗುಂಡಿ ಒತ್ತಿದ. ತಿಮ್ಮರಾಯಪ್ಪನವರು ಮೊದಲು ನಾಚಿಕೊಂಡರು. ಆಮೇಲೆ ಹೊಲಗಳ ಮಾತು ಬಂತು. ಈಗ ಹೋಟೆಲಿರುವಲ್ಲಿ ಬಾವಿ ಇತ್ತು, ಪೆಟ್ರೋಲ್ ಬಂಕಿನ ಹಿಂದೆ ಯಾರ ಗದ್ದೆ ಇತ್ತು, ತಮ್ಮ ಎತ್ತುಗಳ ಹೆಸರೇನು, ಯಾವುದು ಮೊಂಡು, ಯಾವುದು ಸಾಧು ಎಂದು ಒಡೆದ ಗಂಟಲಿನಲ್ಲೇ ಇಪ್ಪತ್ತು ನಿಮಿಷ ಹೇಳಿದರು. ಕೊನೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಮುಂದೆ ಮಗು ಮಲಗಿದೆಯೋ ಎನ್ನುವಂತೆ ಬಗ್ಗಿ, ಹನುಮಯ್ಯ ಎಂದು ಮೂರು ಸಲ ಕರೆದರು. ಆಮೇಲೆ ಅಣ್ಣಮ್ಮ ಎಂದು ಮೂರು ಸಲ. ಮೊದಲನೆಯದು ಮೆಲ್ಲಗೆ, ಪರಿಚಯ ಕೇಳುವಂತೆ. ಎರಡನೆಯದು ಉದ್ದಕ್ಕೆ ಎಳೆದು, ಹೊಲದ ಆಚೆ ಬದುವಿನಿಂದ ತಾಯಿಯನ್ನು ಕರೆದ ಹಾಗೆ. ಮೂರನೆಯದನ್ನು ಕರೆಯುವಾಗ ಸಣ್ಣಗೆ ನಕ್ಕುಬಿಟ್ಟರು, ಹೆಸರಿನ ಕೊನೆಯಲ್ಲಿ ನಗು ಸೇರಿಕೊಂಡಿತು. ಕರೆದಾದ ಮೇಲೆ ಅವರಿಗೆ ಯಂತ್ರ ಇನ್ನೂ ತಿರುಗುತ್ತಿರುವುದು ಕಂಡಿತು. ಸಂಗಮೇಶನ ಕಡೆ ನೋಡಿ, ‘ಸಾಕೇನಪ್ಪ?’ ಎಂದರು. ಅವನು ಗುಂಡಿ ಒತ್ತಿ ನಿಲ್ಲಿಸಿದ.

ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಕಚ್ಚಿಕೊಳ್ಳುವ ಚಟವಿತ್ತು. ಹಾಗಾಗಿ ಸಂಗಮೇಶ ಕ್ಯಾಸೆಟ್ಟನ್ನು ಕಂಪನಿಗೆ ಒಯ್ದು, ಕಂಪ್ಯೂಟರಿಗೆ ಇಳಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕರಕರ ಸದ್ದನ್ನೆಲ್ಲ ತೆಗೆದು ಶುದ್ಧ ಮಾಡಿದ. ಆ ಆರು ಕರೆಗಳನ್ನು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಮೇಜಿನ ಕಂಪ್ಯೂಟರಿನಲ್ಲಿ ಜಾಗ ಸಾಲದೆ, ಅದನ್ನು ಪೆಟ್ಟಿಗೆಯಲ್ಲಿದ್ದ ತನ್ನ ಪರೀಕ್ಷೆಯ ಖಾನೆಗೆ ಸಾಗಿಸಿದ. ಅದಕ್ಕಿಂತ ಭದ್ರವಾದ ಜಾಗ ಅವನಿಗೆ ಗೊತ್ತಿರಲಿಲ್ಲ. ಒಂದು ಡಿಸ್ಕ್ ಸತ್ತರೆ ಇನ್ನೊಂದರಲ್ಲಿ ಪ್ರತಿ ಇರುತ್ತದೆ, ಕರೆಂಟ್ ಹೋದರೆ ಬ್ಯಾಟರಿ ಇರುತ್ತದೆ. ಡಿಸ್ಕ್ ಸಾಯುವುದಕ್ಕೆ ಆ ಪೆಟ್ಟಿಗೆಯಲ್ಲಿ ಮದ್ದಿತ್ತು. ಯಜಮಾನನೇ ಕೊಟ್ಟ ಆಜ್ಞೆಗೆ ಮದ್ದಿರಲಿಲ್ಲ.

ಸಂಜೆ ಕ್ಯಾಸೆಟ್ ವಾಪಸು ಕೊಡುವಾಗ ಮುನಿವೆಂಕಟಮ್ಮ ಅದನ್ನು ಎಲ್ಲಿ ಜೋಪಾನ ಮಾಡುವುದೆಂದು ಕೇಳಿದರು. ಸಂಗಮೇಶ ಹೆಮ್ಮೆಯಿಂದಲೇ ಹೇಳಿದ.

‘ಇನ್ನ ಕ್ಯಾಸೆಟ್ ಬೇಕಾಗಂಗಿಲ್ರಿ ಅಮ್ಮಾರ. ನಮ್ಮ ಪೆಟಿಗಿಯೊಳಗ ಹಾಕೇನ್ರಿ. ಅಲ್ಲಿ ಇಟ್ಟದ್ದು ಎಂದೂ ಹೋಗಂಗಿಲ್ರಿ.’

ಅಲ್ಲಿಂದ ಒಂದು ಸೀಡಿ ಬರೆದು ತಂದುಕೊಡುತ್ತೇನೆ ಎಂದೂ ಹೇಳಿದ. ಕಂಪನಿಯಲ್ಲಿ ಸೀಡಿ ಬರೆಯಲು ಶಾಮಣ್ಣನವರ ಅನುಮತಿ ಬೇಕಿತ್ತು, ಅವರು ಒಂದು ವಾರ ರಜೆಯಲ್ಲಿದ್ದರು, ಆಮೇಲೆ ಕೆಲಸದ ಒತ್ತಡ, ಹೆರಿಗೆಗೆ ಇನ್ನೂ ದಿನವಿದೆಯಲ್ಲ ಎಂಬ ಸಮಾಧಾನ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇವನು ನಾಳೆ ಎಂದದ್ದಕ್ಕೆ ಹಾಳಾಗಬೇಕಾದದ್ದು ಇನ್ನೊಬ್ಬರ ಮನೆ.

ಭಾದ್ರಪದದಲ್ಲಿ ಆಪರೇಷನ್ ಆಯಿತು. ತಿಮ್ಮರಾಯಪ್ಪನವರು ಕತ್ತಿನಲ್ಲಿ ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ ಕಟ್ಟಿಸಿಕೊಂಡು ಮನೆಗೆ ಬಂದರು. ಉಸಿರು ಇನ್ನು ಮುಂದೆ ಆ ತೂತಿನಲ್ಲೇ. ಬಾಯಿ ಆಡುತ್ತಿತ್ತು, ಸದ್ದಿಲ್ಲ, ಪಿಸುಮಾತು ಕೂಡ ಇಲ್ಲ. ಮೊದಲ ಕೆಲವು ದಿನ ಅಭ್ಯಾಸಬಲದಿಂದ ಹೆಂಡತಿಯನ್ನು ಕೂಗಲು ಬಾಯಿ ತೆರೆಯುವರು, ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಳ್ಳುವರು. ಅದನ್ನು ನೋಡುವುದು ಸಂಗಮೇಶನಿಂದ ಆಗುತ್ತಿರಲಿಲ್ಲ. ಆಮೇಲೆ ಬೆರಳಿನ ಉಂಗುರದಿಂದ ಸ್ಟೀಲ್ ಲೋಟವನ್ನು ಬಡಿದು ಕರೆಯುವುದನ್ನು ಕಲಿತರು. ಒಂದು ಬಡಿತಕ್ಕೆ ನೀರು, ಎರಡಕ್ಕೆ ಹೆಂಡತಿ. ಸಂಗಮೇಶ ಎದುರು ಸಿಕ್ಕಾಗಲೆಲ್ಲ ಕಿವಿಯ ಬಳಿ ಬೆರಳಾಡಿಸಿ, ಅದು ಇದೆಯಲ್ಲ ಎಂದು ಸನ್ನೆಯಲ್ಲಿ ಕೇಳುವರು. ಇದೆ ಎಂದು ಇವನು ತಲೆಯಾಡಿಸುವನು. ಮುದುಕರ ಮುಖ ಅರಳುತ್ತಿತ್ತು.

ಆ ವರ್ಷ ಆಯುಧಪೂಜೆ ಗುರುವಾರ ಬಂತು. ಶುಕ್ರವಾರ ವಿಜಯದಶಮಿ, ಅದಕ್ಕೆ ಅಂಟಿಕೊಂಡು ಶನಿವಾರ ಭಾನುವಾರ. ಕಂಪನಿಯಲ್ಲಿ ಬೆಳಿಗ್ಗೆಯೇ ಮಾವಿನ ತೋರಣ, ಚೆಂಡುಹೂವು, ಬೂದುಗುಂಬಳ, ಕಡಲೆಪುರಿಯ ಮೂಟೆ. ಹಬ್ಬದ ದಿನ ಆಯುಧಕ್ಕೆ ವಿಶ್ರಾಂತಿ ಎಂಬುದು ನಮ್ಮಲ್ಲಿ ಪುರೋಹಿತರು ಹೇಳಿಕೊಡಬೇಕಾದ ಮಾತಲ್ಲ. ಪೂಜೆ ಮಾಡಿದ ಕತ್ತಿಯನ್ನು ಅವತ್ತು ಯಾರೂ ಮುಟ್ಟುವುದಿಲ್ಲ. ಶಾಮಣ್ಣನವರು ಹನುಮಂತನಗರದ ಹಳೇ ಸಂಪ್ರದಾಯದವರು. ಮೇಜಿನ ಮೇಲಿನ ಕಂಪ್ಯೂಟರುಗಳನ್ನೆಲ್ಲ ಆರಿಸಿ, ಒರೆಸಿ, ಕುಂಕುಮ ಇಟ್ಟು, ಸೋಮವಾರದವರೆಗೆ ಯಾರೂ ಮುಟ್ಟಕೂಡದು ಎಂದರು. ಸಂಗಮೇಶ ತನ್ನ ಕಂಪ್ಯೂಟರಿಗೆ ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ವಿಭೂತಿ ಹಚ್ಚಿ, ಹೂವಿಟ್ಟು, ಕೈಮುಗಿದು, ಗುಂಡಿ ಒತ್ತಿ ಆರಿಸಿದ. ಆ ಯಂತ್ರ ಅವನ ಹೊಟ್ಟೆಪಾಡು, ಅವನ ಭಕ್ತಿಯಲ್ಲಿ ನಾಟಕವಿರಲಿಲ್ಲ.

ಪೆಟ್ಟಿಗೆಯನ್ನು ಮಾತ್ರ ಆರಿಸುವ ಹಾಗಿರಲಿಲ್ಲ, ಆಸ್ಪತ್ರೆಗಳ ಕೆಲಸ ನಿಲ್ಲುತ್ತದೆ. ಅದಕ್ಕೊಂದು ಬೊಟ್ಟಿಟ್ಟು, ಮುಂದೆ ನಿಂಬೆಹಣ್ಣು ಇಟ್ಟು ಹಾಗೇ ಬಿಟ್ಟರು. ಅದರ ಪಕ್ಕದಲ್ಲಿ ಆರಿಸದೆ ಬಿಟ್ಟ ಯಂತ್ರದೊಳಗೆ ಸಂಗಮೇಶನ ಸ್ಕ್ರಿಪ್ಟ್ ತನ್ನ ಪಾಡಿಗೆ ದಿನ ಎಣಿಸುತ್ತಿತ್ತು. ಅದು ಕಣ್ಣಿಗೆ ಕಾಣುವ ಆಯುಧವಲ್ಲ. ಅದಕ್ಕೆ ಕುಂಕುಮ ಇಡಬೇಕೆಂದು, ಇಟ್ಟು ಮಲಗಿಸಬೇಕೆಂದು ಬರೆದವನಿಗೂ ಹೊಳೆಯಲಿಲ್ಲ. ಹಾಜರಿ ಹಾಕುವ ಕೈಗಳಿಗೆಲ್ಲ ರಜೆ ಸಿಕ್ಕಿತು. ಕುಡುಗೋಲಿಗೆ ಸಿಕ್ಕಲಿಲ್ಲ.

ಜರಗನಹಳ್ಳಿಯ ಮನೆಯಲ್ಲಿ ತಿಮ್ಮರಾಯಪ್ಪನವರು ಹೊಲವಿಲ್ಲದಿದ್ದರೂ ಕುಡುಗೋಲು, ಗುದ್ದಲಿ, ನೇಗಿಲಿನ ಗುಳ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಪೂಜೆ ಮಾಡಿದರು. ಸಾಲಿನ ಕೊನೆಗೆ ಟೇಪ್ ರೆಕಾರ್ಡರನ್ನೂ ಇಟ್ಟು ಹೂವು ಏರಿಸಿದರು. ಮಹಡಿಯಿಂದ ಇಳಿದು ಬಂದ ಸಂಗಮೇಶನಿಗೆ ಅದನ್ನು ಕಂಡು ನಗು ಬಂತು, ಕಣ್ಣೂ ತುಂಬಿತು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅವನು ಅದೇ ಮನೆಯ ಮೆಟ್ಟಿಲ ಮೇಲೆ ಕೂತು ಮುನಿವೆಂಕಟಮ್ಮ ಕೊಟ್ಟ ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ತಿಮ್ಮರಾಯಪ್ಪನವರು ಬಿಸಿಲು ಕಾಯುತ್ತಿದ್ದರು. ಒಂಬತ್ತಕ್ಕೆ ಕಂಪನಿಗೆ ಹೋಗಿ ಯಂತ್ರ ಹಚ್ಚಿದರೆ ಎಚ್ಚರಿಕೆಯ ಮೇಲ್ ಬಂದು ಕೂತಿತ್ತು. ಮೂರು ದಿನದಿಂದ ಹಾಜರಿ ಇಲ್ಲ, ನಾಳೆ ಅಳಿಸಲಾಗುವುದು ಎಂದು ಅವನ ಸ್ಕ್ರಿಪ್ಟ್ ಅವನಿಗೇ ಭಾನುವಾರ ರಾತ್ರಿ ಬರೆದ ಮೇಲ್. ಅವನು ತಕ್ಷಣ ದಾಖಲೆ ತೆರೆದ. ಹನ್ನೊಂದು ಖಾನೆಗಳ ಹೆಸರಿದ್ದವು, ಏಳನೆಯದು ಅವನದು. ಚೀಟಿಯಲ್ಲಿ ತೆರೆಯುವ ಗುರುತು ಸರಿಯಾಗಿತ್ತು, ಮುಚ್ಚುವ ಗುರುತು ಸರಿಯಾಗಿತ್ತು. ಕೆಳಗೆ ಪೆಟ್ಟಿಗೆಯ ಉತ್ತರ: ಆಯಿತು.

ಅವನು ಶಾಮಣ್ಣನವರ ಬಳಿ ಓಡಿದ. ಅವರು ಕೂತು ಒಂದು ಗಂಟೆ ನೋಡಿದರು. ಗಿರಾಕಿಗಳ ಖಾನೆಗಳಿಗೆ ಬೇರೆಡೆ ಪ್ರತಿ ಇರುತ್ತಿತ್ತು, ಪರೀಕ್ಷೆಯ ಖಾನೆಗಳಿಗೆ ಇರಲಿಲ್ಲ. ಖಾಲಿಯಾದ ಜಾಗವನ್ನು ಪೆಟ್ಟಿಗೆ ಏಳು ಗಂಟೆಗೇ ಒಂದು ಆಸ್ಪತ್ರೆಗೆ ಕೊಟ್ಟಿತ್ತು, ಅಲ್ಲಿ ಯಾರದೋ ಮೂಳೆಯ ಚಿತ್ರಗಳು ತುಂಬಿಕೊಂಡಿದ್ದವು. ಮಿಕ್ಕ ಹತ್ತು ಖಾನೆಗಳವರು ತಮ್ಮದು ಹೋಯಿತೆಂದು ಗಮನಿಸಲೂ ಇಲ್ಲ. ಅದರಲ್ಲಿ ಏನಿತ್ತು ಎಂದು ಶಾಮಣ್ಣ ಕೇಳಿದಾಗ ಸಂಗಮೇಶ ಹೇಳಿದ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ಯಂತ್ರ ಕೆಟ್ಟುಹೋಯಿತು ಎಂದು ಮನೆಯವರಿಗೆ ಹೇಳಿಬಿಡು, ಯಂತ್ರದ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ ಎಂದು ಮೆಲ್ಲಗೆ ಬುದ್ಧಿ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಕ್ಯಾಸೆಟ್ ಇದೆಯಲ್ಲ ಎಂಬ ಒಂದೇ ಆಸೆ ಹಿಡಿದುಕೊಂಡು ಅವನು ಸಂಜೆ ಮನೆಗೆ ಬಂದ. ಸುಮ್ಮನೆ ಇನ್ನೊಮ್ಮೆ ಬೇಕಿತ್ತು ಎಂದು ಮುನಿವೆಂಕಟಮ್ಮನವರನ್ನು ಕೇಳಿದ. ಆಕೆ ನಗುನಗುತ್ತಾ ತಂದು ಹಾಕಿದರು. ನವರಾತ್ರಿಯಲ್ಲಿ ಬೀದಿಯ ಹೆಂಗಸರೆಲ್ಲ ದೇವಿಯ ಗುಡಿಯಲ್ಲಿ ಭಜನೆ ಮಾಡಿದ್ದನ್ನು ಅದರಲ್ಲೇ ಹಿಡಿದಿದ್ದರಂತೆ, ಹೇಗೂ ಬೇಕಾಗುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ ಎಂದರು. ಟೇಪ್ ತಿರುಗಿತು. ತಾಳ, ಗಂಟೆ, ಹತ್ತು ಹದಿನೈದು ಹೆಂಗಸರ ಕೊರಳು, ಆರತಿಯ ಹಾಡು. ತಿಮ್ಮರಾಯಪ್ಪನವರೂ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಹಾಡು ಮುಗಿಯಿತು, ಸರಸರ ಎಂದು ಖಾಲಿ ಟೇಪಿನ ಸದ್ದು. ಆಮೇಲೆ ಇದ್ದಕ್ಕಿದ್ದಂತೆ, ಒಡೆದ ಗಂಟಲಿನಲ್ಲಿ, ‘ಸಾಕೇನಪ್ಪ?’

ಅಷ್ಟೇ. ಟಪ್ಪೆಂದು ಟೇಪ್ ನಿಂತಿತು.

ತಿಮ್ಮರಾಯಪ್ಪನವರ ಕೈ ತಾನೇ ತಾನಾಗಿ ಕತ್ತಿನ ಬಟ್ಟೆಯ ಮೇಲೆ ಹೋಯಿತು. ಮುನಿವೆಂಕಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

‘ನೋಡಪ್ಪ, ಒಂಚೂರು ಉಳ್ಕೊಂಡೈತೆ. ಹೋಗ್ಲಿ ಬಿಡು, ಪೂರ್ತಿ ನಿನ್ನತ್ರ ಐತಲ್ಲ.’

‘ಹೌದ್ರಿ’ ಎಂದ ಸಂಗಮೇಶ.

ಒಂದೇ ಮಾತು. ಆ ಒಂದು ಮಾತು ಆಡಿದ ಮೇಲೆ ದಸರೆಯಿಂದ ದೀಪಾವಳಿಯವರೆಗೆ ಅವನು ಹೊಟ್ಟೆ ತುಂಬ ಉಣ್ಣಲಿಲ್ಲ. ಬೆಳಿಗ್ಗೆ ಬೇಗ ಹೋಗುವನು, ಮೆಟ್ಟಿಲಿಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದು ಮಾಡದೆ ಇಳಿಯುವನು. ಒಂದು ದಿನ ಸ್ಕ್ರಿಪ್ಟನ್ನು ತೆರೆದು ಮೊದಲಿನಿಂದ ಕೊನೆಯವರೆಗೆ ಓದಿದ. ಎಲ್ಲಾದರೂ ತಪ್ಪಿದ್ದರೆ ಅದರ ಮೇಲೆ ಹಾಕಿ ಹಗುರಾಗಬಹುದಿತ್ತು. ಒಂದು ಅಕ್ಷರವೂ ತಪ್ಪಿರಲಿಲ್ಲ. ಶಾಮಣ್ಣ ಹೇಳಿಕೊಟ್ಟ ಸುಳ್ಳನ್ನು ನೂರು ಸಲ ಬಾಯಲ್ಲಿ ಹೊರಳಿಸಿದ. ಆದರೆ ಪೆಟ್ಟಿಗೆ ಎಂದೂ ಕೆಡುವುದಿಲ್ಲ ಎಂದು ಜಂಬ ಕೊಚ್ಚಿದವನೂ ತಾನೇ ಆಗಿದ್ದ. ಮಾಡಿದ್ದುಣ್ಣೋ ಮಹರಾಯ ಎಂದು ಯಾರೋ ಪಕ್ಕದಲ್ಲೇ ಕೂತು ಹೇಳುತ್ತಿದ್ದ ಹಾಗಿತ್ತು.

ದೀಪಾವಳಿ ಕಳೆದ ಮೂರನೆಯ ದಿನ ಮಧುಶ್ರೀ ಹೆಣ್ಣು ಹೆತ್ತಳು. ಹನ್ನೊಂದನೆಯ ದಿನಕ್ಕೆ ನಾಮಕರಣ ಎಂದು ನಿಶ್ಚಯವಾಯಿತು. ಹಿಂದಿನ ದಿನ ಮಧ್ಯಾಹ್ನ ಮುನಿವೆಂಕಟಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಮುದುಕರು ಕುರ್ಚಿಯಲ್ಲಿದ್ದರು. ಅಳಿಯ ಸೀಡಿ ಹಾಕುವ ಯಂತ್ರ ತಂದಿಟ್ಟಿದ್ದಾನೆ, ಸೀಡಿ ಎಲ್ಲಪ್ಪ ಎಂದು ಆಕೆ ಕೇಳಿದರು. ಸಂಗಮೇಶ ನಿಂತಲ್ಲೇ ನೆಲಕ್ಕೆ ಕುಸಿದು ಕೂತ.

‘ಸೀಡಿ ಇಲ್ರಿ ಅಮ್ಮಾರ. ಕಾಕಾರ ದನಿ ನಾನೇ ಅಳಿಸೇನ್ರಿ. ಮಷೀನಿನ ತಪ್ಪಲ್ರಿ. ನಾ ಬರೆದು ಕೊಟ್ಟದ್ದನ್ನ ಅದು ಮಾಡೇತ್ರಿ. ಅವತ್ತು ನಿಮಗ ಹೌದ್ರಿ ಅಂದೆ, ಅದೂ ಸುಳ್ಳ್ರಿ.’

ಹಬ್ಬದ ದಿನ ಯಂತ್ರ ಆರಿಸಿದ್ದು, ಹಾಜರಿ ಬೀಳದ್ದು, ಸೋಮವಾರ ಆರು ಗಂಟೆಗೆ ತಾನು ಇಲ್ಲೇ ಕಾಫಿ ಕುಡಿಯುತ್ತಿದ್ದದ್ದು, ಎಲ್ಲವನ್ನೂ ತಡವರಿಸುತ್ತಾ ಹೇಳಿದ. ಅವರಿಗೆ ಎಷ್ಟು ಅರ್ಥವಾಯಿತೋ. ದನಿ ಹೋಯಿತು ಎಂಬುದು ಮಾತ್ರ ಅರ್ಥವಾಯಿತು. ಮುನಿವೆಂಕಟಮ್ಮನವರ ಬೆರಳು ಅಕ್ಕಿಯ ಮೇಲೆ ನಿಂತುಹೋಯಿತು.

‘ನಿನ್ ಮಾತ್ ಕೇಳಿ ನಾನೂ ಅಳಿಸ್ಬುಟ್ನಲ್ಲಪ್ಪ.’

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಮೊರ ಎತ್ತಿಕೊಂಡು ಒಳಗೆ ಹೋದರು. ತಿಮ್ಮರಾಯಪ್ಪನವರು ಅವನನ್ನೇ ನೋಡುತ್ತಾ ಕೂತಿದ್ದರು. ಬೈಯಲು ಬೇಕಾದದ್ದೂ ಅವರ ಬಳಿ ಇರಲಿಲ್ಲ. ಕೊನೆಗೆ ಎದ್ದು, ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು, ಅವನ ಪಕ್ಕದಿಂದಲೇ ನಡೆದು ಹೊರಗೆ ಹೋದರು.

ಸಂಗಮೇಶ ಆ ರಾತ್ರಿ ಬಟ್ಟೆಬರೆ ಕಟ್ಟಿಟ್ಟ. ಸುದ್ದಗುಂಟೆಪಾಳ್ಯದಲ್ಲಿ ಊರಿನ ಕಡೆಯ ಗೆಳೆಯನ ಕೋಣೆ ಇತ್ತು. ಬೆಳಿಗ್ಗೆ ನಾಮಕರಣದ ಗದ್ದಲದಲ್ಲಿ ಬೀಗದ ಕೈ ಇಟ್ಟು ಹೋಗಿಬಿಡುವುದು ಎಂದುಕೊಂಡ. ಚೀಲ ಹಿಡಿದು ಮೆಟ್ಟಿಲು ಇಳಿಯುವಾಗ ಕೆಳಗೆ ಜನ ಸೇರಿದ್ದರು, ತೊಟ್ಟಿಲಿಗೆ ಹೂವು ಕಟ್ಟಿದ್ದರು. ಅವನು ಬಾಗಿಲ ಮುಂದೆ ತಲೆ ತಗ್ಗಿಸಿ ದಾಟುತ್ತಿದ್ದ. ಆಗ ಒಳಗಿನಿಂದ ಲೋಟದ ಸದ್ದು ಬಂತು. ಒಂದು, ಎರಡು, ಮೂರು. ಮೂರು ಬಡಿತಕ್ಕೆ ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಮುನಿವೆಂಕಟಮ್ಮ ಬಾಗಿಲಿಗೆ ಬಂದರು. ಮುಖದಲ್ಲಿ ನಗುವಿರಲಿಲ್ಲ, ಅವನ ಕೈಯಿಂದ ಚೀಲ ಇಳಿಸಿಟ್ಟು ಇಷ್ಟೇ ಹೇಳಿದರು.

‘ನಿನ್ನೇ ಕರೀತಾವ್ರೆ. ಬಾ.’

ತೊಟ್ಟಿಲ ಪಕ್ಕ ತಿಮ್ಮರಾಯಪ್ಪನವರು ಹೊಸ ಪಂಚೆ ಉಟ್ಟು ನಿಂತಿದ್ದರು. ಸಂಗಮೇಶ ಬರುವುದನ್ನು ನೋಡಿ, ಮೊದಲು ತಾವೇ ಬಗ್ಗಿ ಮಗುವಿನ ಕಿವಿಯ ಬಳಿ ಬಾಯಿ ಇಟ್ಟರು. ತುಟಿಗಳು ಮೂರು ಸಲ ಆಡಿದವು. ಮಗು ಕಣ್ಣು ಮುಚ್ಚಿಕೊಂಡೇ ಇತ್ತು. ಕೂದಲೂ ಅಲುಗಲಿಲ್ಲ, ಆ ಬಾಯಿಯಿಂದ ಉಸಿರು ಕೂಡ ಬರುವಂತಿರಲಿಲ್ಲ. ಮಧುಶ್ರೀ ಮುಖ ಆಚೆ ತಿರುಗಿಸಿಕೊಂಡಳು. ಮುದುಕರು ನೆಟ್ಟಗಾಗಿ ಸಂಗಮೇಶನ ರಟ್ಟೆ ಹಿಡಿದು ಎಳೆದು, ತೊಟ್ಟಿಲ ಮುಂದೆ ನಿಲ್ಲಿಸಿದರು. ಆಮೇಲೆ ಬಲಗೈ ಚಾಚಿ ಅವನ ಗಂಟಲ ಮೇಲಿಟ್ಟರು.

ಒತ್ತಿಬಿಡುತ್ತಾರೆ ಎಂದುಕೊಂಡ ಸಂಗಮೇಶ. ಒತ್ತಿದ್ದರೆ ಬೇಡ ಎನ್ನುತ್ತಿರಲಿಲ್ಲ. ಆದರೆ ಉತ್ತು ಬಿತ್ತಿದ ಆ ಒರಟು ಬೆರಳುಗಳು ಮೆಲ್ಲಗೆ, ಜ್ವರ ನೋಡುವಷ್ಟು ಮೆಲ್ಲಗೆ ಕೂತಿದ್ದವು. ಅವು ಕಾ‍ಯುತ್ತಿವೆ ಎಂದು ಅವನಿಗೆ ತಿಳಿಯಿತು. ಆ ಆರು ಕರೆಗಳು ಹೇಗಿದ್ದವು ಎಂದು ಬಲ್ಲ, ಹಾಗೆ ಕರೆಯಲೂ ಬಲ್ಲವನು ಈಗ ಭೂಮಿಯ ಮೇಲೆ ಅವನೊಬ್ಬನೇ.

ಅವನು ಬಗ್ಗಿದ. ಮೊದಲನೆಯದನ್ನು ಮೆಲ್ಲಗೆ, ಪರಿಚಯ ಕೇಳುವಂತೆ ಕರೆದ. ಅಣ್ಣಮ್ಮ. ಎರಡನೆಯದನ್ನು ಉದ್ದಕ್ಕೆ ಎಳೆದ. ಎಷ್ಟು ಎಳೆದರೂ ಅದು ಜರಗನಹಳ್ಳಿಯ ಹೊಲಕ್ಕೆ ಹೋಗಲಿಲ್ಲ, ಮುಧೋಳದ ರಾಗದಲ್ಲೇ ಉಳಿಯಿತು. ಮೂರನೆಯದರ ಕೊನೆಗೆ ಒಂದು ನಗು ಇತ್ತೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ನಗಲು ನೋಡಿದ, ಅಲ್ಲಿ ಬಿಕ್ಕಿದ. ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು.

ಮೂರಾಯಿತು. ಸೋದರತ್ತೆ ಮುಂದೆ ಬಂದಳು. ಮುದುಕರ ಕೈ ಇನ್ನೂ ಅವನ ಗಂಟಲ ಮೇಲೇ ಇತ್ತು.

‘ಸಾಕೇನ್ರಿ, ಕಾಕಾರ?’ ಎಂದ ಸಂಗಮೇಶ.

ತಿಮ್ಮರಾಯಪ್ಪನವರು ತಲೆಯನ್ನು ಅಡ್ಡಡ್ಡ ಆಡಿಸಿದರು. ಅವನು ಮತ್ತೆ ತೊಟ್ಟಿಲಿಗೆ ಬಗ್ಗಿದ.